ಹಾಳೂರಿಗೆ ಉಳಿದವನೇ ಗೌಡ

‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಯೋಗ್ಯರೆಲ್ಲ ಊರು ಬಿಟ್ಟ ಮೇಲೆ ಉಳಿದ ಯಾವನೋ ಒಬ್ಬನಿಗೆ ಹಿರಿತನವು ತಾನಾಗಿಯೇ ದಕ್ಕಿದುದನ್ನು ಕಂಡು ನಗುವುದಕ್ಕಾಗಿ ಈ ಮಾತನ್ನು ಬಳಸುತ್ತೇವೆ. ನಗೆಯನ್ನು ಒತ್ತಟ್ಟಿಗಿಟ್ಟು ಅದರ ಅಕ್ಷರಾರ್ಥವನ್ನೇ ಗಮನಿಸಿದರೆ ಅಲ್ಲಿ ಒಂದು ಧರ್ಮಸೂಕ್ಷ್ಮವು ಕಾಣುತ್ತದೆ. ಊರು ಹಾಳಾಗಿರಬಹುದು, ಆದರೂ ಅಲ್ಲಿ ಒಬ್ಬನು ಉಳಿದಿದ್ದಾನೆ. ಅವನು ಉಳಿದಿರುವವರೆಗೆ ಆ ಊರಿಗೆ ಯಜಮಾನನಿದ್ದಾನೆ. ಹೊರಗಿನಿಂದ ಬಂದವರು ಅವನನ್ನು ಕೇಳಿಯೇ ಒಳಗೆ ಕಾಲಿಡಬೇಕು.

ಈ ಮಾತನ್ನು ಎತ್ತಿಕೊಳ್ಳಲು ಕಾರಣವಿದೆ. ಜನರು ಬಿಟ್ಟುಹೋದ, ಅಥವಾ ಹೆಚ್ಚುಕಡಿಮೆ ಬಿಟ್ಟುಹೋದ ಗ್ರಾಮಗಳನ್ನು ಹುಡುಕಿಕೊಂಡು ಹೋಗುವುದು, ಅಲ್ಲಿ ಸುತ್ತಾಡಿ ಕುಸಿದ ಗೋಡೆ, ಮುರಿದ ಬಾಗಿಲು, ಮುಳ್ಳು ಬೆಳೆದ ಅಂಗಳಗಳ ಛಾಯಾಚಿತ್ರ ತೆಗೆದು ತರುವುದು ನಗರವಾಸಿಗಳಲ್ಲಿ ಒಂದು ಹವ್ಯಾಸವಾಗಿದೆ. ಹಿಂದೆ ಕ್ಯಾಮರಾ ಇದ್ದ ಕೆಲವರಿಗೆ ಮಾತ್ರ ಸಾಧ್ಯವಾಗಿದ್ದ ಈ ಕೆಲಸವನ್ನು ಈಗ ಮೊಬೈಲ್ ಫೋನು ಹಿಡಿದ ಪ್ರತಿಯೊಬ್ಬರೂ ಮಾಡಬಲ್ಲರು. ಇದು ಯುಕ್ತವೇ? ಯುಕ್ತವಾದರೆ ಯಾವ ನಿಯಮಕ್ಕೆ ಒಳಪಟ್ಟು? ಹುಟ್ಟಿದ ಊರನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ನಮಗೆ ಈ ಪ್ರಶ್ನೆಯು ಹೊರಗಿನದಲ್ಲ ಎಂಬುದು ಮುಂದೆ ಸ್ಪಷ್ಟವಾದೀತು.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಕೇಳೋಣ. ಅದರಲ್ಲಿ ಮೂರು ವಾದಗಳಿವೆ. ಒಂದನೆಯದು: ಚಿತ್ರ ತೆಗೆಯುವವನು ಏನನ್ನೂ ಒಯ್ಯುವುದಿಲ್ಲ. ಕಲ್ಲು ಇದ್ದಲ್ಲಿಯೇ ಇರುತ್ತದೆ, ಬಾಗಿಲು ಇದ್ದಂತೆಯೇ ಇರುತ್ತದೆ; ಕೇವಲ ನೋಟದಿಂದ ಯಾರಿಗೆ ಯಾವ ನಷ್ಟ? ಎರಡನೆಯದು: ಪಾಳುಬಿದ್ದ ಊರನ್ನು ಕಂಡರೆ ಸಂಸಾರದ ಅನಿತ್ಯತೆಯು ಮನಸ್ಸಿಗೆ ನಾಟುತ್ತದೆ, ವೈರಾಗ್ಯಕ್ಕೆ ಕಾರಣವಾಗುವ ದೃಶ್ಯವನ್ನು ನೋಡುವುದೂ ತೋರಿಸುವುದೂ ಶ್ರೇಯಸ್ಕರವೇ. ಮೂರನೆಯದು: ಇಂದು ಚಿತ್ರ ತೆಗೆದಿಡದಿದ್ದರೆ ನಾಳೆ ಆ ಗೋಡೆಯೂ ಇರುವುದಿಲ್ಲ, ದಾಖಲೆಯಾದರೂ ಉಳಿಯಲಿ. ಇವುಗಳಲ್ಲಿ ಯಾವುದೂ ತಳ್ಳಿಹಾಕುವಂತಹ ಮಾತಲ್ಲ. ಆದ್ದರಿಂದಲೇ ಕ್ರಮವಾಗಿ ವಿಚಾರಿಸಬೇಕು.

ವಿಚಾರವು ಆಧಾರವಿಲ್ಲದೆ ತೇಲಬಾರದೆಂದು, ನಮ್ಮ ವಾಚಕರಲ್ಲಿ ಹಲವರು ಯಾತ್ರಾನಿಮಿತ್ತ ಕಂಡಿರುವ ಒಂದು ಸ್ಥಳವನ್ನೇ ತೆಗೆದುಕೊಳ್ಳೋಣ. ಅದು ಧನುಷ್ಕೋಟಿ. ರಾಮೇಶ್ವರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ದ್ವೀಪದ ಆಗ್ನೇಯ ತುದಿಯಲ್ಲಿ, ಒಂದು ಕಡೆ ಮಹೋದಧಿ, ಇನ್ನೊಂದು ಕಡೆ ರತ್ನಾಕರ, ನಡುವೆ ಮರಳಿನ ಕಿರಿದಾದ ಪಟ್ಟಿ. ಸೇತುಸ್ನಾನಕ್ಕಾಗಿ ಅಲ್ಲಿಗೆ ಹೋಗುವವರು ಇಂದು ಕಾಣುವುದು ಹವಳದ ಕಲ್ಲಿನಿಂದ ಕಟ್ಟಿದ ಇಗರ್ಜಿಯ ಮೊಂಡುಗೋಡೆಗಳು, ರೈಲು ನಿಲ್ದಾಣದ ಅವಶೇಷ, ನೀರಿನ ತೊಟ್ಟಿಯ ಕಂಬಗಳು. ಇದು ಹಿಂದೆ ಹೀಗಿರಲಿಲ್ಲ. 1914ರಲ್ಲಿ ಪಾಂಬನ್ ರೈಲುಸೇತುವೆಯು ತೆರೆದ ಮೇಲೆ ಭಾರತದಿಂದ ಸಿಂಹಳಕ್ಕೆ ಹೋಗುವವರ ಹೆಬ್ಬಾಗಿಲು ಇದೇ ಆಗಿತ್ತು. ಮದ್ರಾಸಿನ ಎಗ್ಮೋರಿನಲ್ಲಿ ‘ಬೋಟ್ ಮೇಲ್’ ಗಾಡಿಯನ್ನು ಹತ್ತಿದವರು ಧನುಷ್ಕೋಟಿಯಲ್ಲಿ ಇಳಿದು, ಹಡಗಿನಲ್ಲಿ ತಲೈಮನ್ನಾರನ್ನು ಸೇರಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊಗೆ ಹೋಗುತ್ತಿದ್ದರು. ಸುಂಕದ ಕಚೇರಿ, ಅಂಚೆ ಕಚೇರಿ, ಶಾಲೆ, ಆಸ್ಪತ್ರೆ, ರೈಲ್ವೆ ನೌಕರರ ಮನೆಗಳು, ಯಾತ್ರಿಕರ ಛತ್ರ, ಎಲ್ಲವೂ ಇದ್ದ ಊರು ಅದು.

1964ರ ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತವು ಈ ಊರನ್ನು ಕೊಚ್ಚಿಕೊಂಡುಹೋಯಿತು. ಪಾಂಬನ್‌ನಿಂದ ಹೊರಟು ಧನುಷ್ಕೋಟಿಯ ಸಮೀಪಕ್ಕೆ ಬಂದಿದ್ದ, ನೂರಕ್ಕೂ ಹೆಚ್ಚು ಜನರಿದ್ದ ಪ್ರಯಾಣಿಕರ ಗಾಡಿಯು ಅಲೆಗಳ ಪಾಲಾಯಿತು. ಭಾರತ ಮತ್ತು ಸಿಂಹಳಗಳೆರಡರಲ್ಲಿ ಸೇರಿ ಆ ಚಂಡಮಾರುತಕ್ಕೆ ಬಲಿಯಾದವರು ಸುಮಾರು 1,800 ಮಂದಿ ಎಂದು ಅಂದಾಜು. ಪಾಂಬನ್ ಸೇತುವೆಯೂ ಜಖಂಗೊಂಡಿತು. ಅದನ್ನು 46 ದಿನಗಳಲ್ಲಿ ದುರಸ್ತಿ ಮಾಡಿಸಿದವರು ಅಂದಿನ ತರುಣ ಇಂಜಿನಿಯರ್ ಇ. ಶ್ರೀಧರನ್, ಮುಂದೆ ಕೊಂಕಣ ರೈಲ್ವೆಯನ್ನೂ ದೆಹಲಿಯ ಮೆಟ್ರೋವನ್ನೂ ನಿರ್ಮಿಸಿ ಹೆಸರಾದವರು ಅವರೇ. ಸೇತುವೆಯು ಎದ್ದು ನಿಂತಿತು, ರಾಮೇಶ್ವರಕ್ಕೆ ಗಾಡಿಗಳು ಮತ್ತೆ ಬಂದವು. ಧನುಷ್ಕೋಟಿಗೆ ಮಾತ್ರ ಬರಲಿಲ್ಲ. ಆ ಊರು ಮನುಷ್ಯವಾಸಕ್ಕೆ ಯೋಗ್ಯವಲ್ಲವೆಂದು ಮದ್ರಾಸು ಸರ್ಕಾರವು ಘೋಷಿಸಿತು.

ಕಥೆಯು ಇಲ್ಲಿಗೇ ಮುಗಿದಿದ್ದರೆ ನಮ್ಮ ಪ್ರಶ್ನೆಯು ಸುಲಭವಾಗುತ್ತಿತ್ತು. ಆದರೆ ಊರು ಮುಗಿಯಲಿಲ್ಲ. ಸಮುದ್ರದಿಂದಲೇ ಬದುಕುವ ಮೀನುಗಾರರಿಗೆ ಸಮುದ್ರವನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವಿರಲಿಲ್ಲ. ಗರಿಯ ಗುಡಿಸಲುಗಳನ್ನು ಕಟ್ಟಿಕೊಂಡು, ಮರಳನ್ನು ತೋಡಿ ಒಸರುವ ಸಿಹಿನೀರನ್ನು ಮೊಗೆದುಕೊಂಡು ಅವರ ಕುಟುಂಬಗಳು ಅಲ್ಲಿಯೇ ಬದುಕಿದವು, ಇಂದಿಗೂ ಬದುಕುತ್ತಿವೆ. ವಾಸಯೋಗ್ಯವಲ್ಲವೆಂದು ಕಾಗದದಲ್ಲಿ ಬರೆದ ಸ್ಥಳದಲ್ಲಿ ವಾಸಿಸುವವರಿಗೆ ಸೌಕರ್ಯವನ್ನು ಯಾರು ಒದಗಿಸಬೇಕು? ಅನೇಕ ವರ್ಷಗಳ ಕಾಲ ಅಲ್ಲಿಗೆ ಸರಿಯಾದ ರಸ್ತೆಯೂ ಇರಲಿಲ್ಲ. ಮರಳಿನ ಮೇಲೆ ಓಡಬಲ್ಲ ಜೀಪುಗಳೇ ಗತಿ. 2017ರ ಜುಲೈ ತಿಂಗಳಲ್ಲಿ ಭೂಶಿರದ ತುದಿಯವರೆಗೆ ಹೆದ್ದಾರಿಯು ತೆರೆಯಿತು. ಅಂದಿನಿಂದ ಪ್ರವಾಸಿಗಳ ವಾಹನಗಳು ನೇರವಾಗಿ ಅಲ್ಲಿಯವರೆಗೆ ಹೋಗುತ್ತಿವೆ.

ಈ ಪ್ರವಾಸಿಗಳಿಗಾಗಿ ಬರೆದ ಬರಹಗಳಲ್ಲಿ ಧನುಷ್ಕೋಟಿಗೆ ‘ಭೂತಗಳ ಊರು’ ಎಂದು ಹೆಸರು. ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಒಲೆ ಉರಿಯುತ್ತಿರುವ, ಬಲೆ ಹೆಣೆಯುತ್ತಿರುವ, ಮಕ್ಕಳು ಓಡಾಡುತ್ತಿರುವ ಸ್ಥಳವನ್ನು ಭೂತಗಳ ಊರೆಂದು ಕರೆದರೆ ಅಲ್ಲಿರುವವರನ್ನು ಏನೆಂದು ಕರೆದಂತಾಯಿತು? ಬದುಕಿರುವ ಮನುಷ್ಯನಿಗೆ ಪಿಂಡವಿಟ್ಟಂತಲ್ಲವೇ?

ಇಲ್ಲಿಯೇ ಮೊದಲನೆಯ ವಾದಕ್ಕೆ ಉತ್ತರ ದೊರೆಯುತ್ತದೆ. ಚಿತ್ರ ತೆಗೆಯುವವನು ಏನನ್ನೂ ಒಯ್ಯುವುದಿಲ್ಲವೆಂಬುದು ನಿಜವಲ್ಲ. ಇಗರ್ಜಿಯ ಗೋಡೆಯ ಎದುರಿಗೆ ನಿಂತವನು, ಕೊಡ ಹೊತ್ತು ಅಡ್ಡ ಬಂದ ಹೆಂಗಸು ದಾಟಿಹೋಗಲಿ ಎಂದು ಕಾಯುತ್ತಾನೆ. ನಿರ್ಜನತೆಯೇ ಅವನಿಗೆ ಬೇಕಾದದ್ದು. ಅವಳು ದಾಟಿದ ಮೇಲೆ ತೆಗೆದ ಚಿತ್ರವು ‘ಇಲ್ಲಿ ಯಾರೂ ಇಲ್ಲ’ ಎಂದು ಸಾವಿರಾರು ಜನರಿಗೆ ಹೇಳುತ್ತದೆ. ಅದು ಅಸತ್ಯ. ಇನ್ನೊಬ್ಬನು ಇದಕ್ಕೆ ವಿರುದ್ಧವಾಗಿ, ಅವಳು ಬಂದರೆ ಚಿತ್ರಕ್ಕೆ ಕಳೆ ಏರುತ್ತದೆಂದು ಅವಳನ್ನು ಕೇಳದೆಯೇ ಸೇರಿಸಿಕೊಳ್ಳುತ್ತಾನೆ. ಅಲ್ಲಿ ಅವಳು ಮುರಿದ ಕಂಬದಂತೆಯೇ ಒಂದು ಅಲಂಕಾರವಾಗುತ್ತಾಳೆ. ಒಬ್ಬನು ಅವಳ ಇರುವಿಕೆಯನ್ನು ಅಳಿಸಿದ, ಮತ್ತೊಬ್ಬನು ಅವಳ ಮನುಷ್ಯತ್ವವನ್ನು ಅಳಿಸಿದ. ಇಬ್ಬರೂ ಆಕೆಯಿಂದ ಒಯ್ದದ್ದು ಇದೆ. ಇಬ್ಬರಿಗೂ ಅದು ತಿಳಿದಿಲ್ಲ.

ಧನುಷ್ಕೋಟಿಯಿಂದ ಯಾತ್ರಿಕನೂ ಒಂದನ್ನು ಒಯ್ಯುತ್ತಾನೆ. ಸೇತುವಿನ ಮರಳನ್ನು ಕಟ್ಟಿಕೊಂಡು ಹೋಗಿ ಪ್ರಯಾಗದಲ್ಲಿ ಗಂಗೆಗೆ ಒಪ್ಪಿಸುವುದೂ, ಅಲ್ಲಿಂದ ಗಂಗೋದಕವನ್ನು ತಂದು ರಾಮೇಶ್ವರನಿಗೆ ಅಭಿಷೇಕ ಮಾಡಿಸುವುದೂ ನಮ್ಮ ಹಿರಿಯರು ನಡೆಸಿಕೊಂಡು ಬಂದ ಸಂಪ್ರದಾಯ. ಇದರ ಸ್ವಾರಸ್ಯವನ್ನು ಗಮನಿಸಬೇಕು. ಮರಳನ್ನು ತೆಗೆದುಕೊಳ್ಳಬಾರದೆಂದು ಹಿರಿಯರು ಹೇಳಲಿಲ್ಲ. ತೆಗೆದುಕೊಂಡದ್ದನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳಲು ಬಿಡಲಿಲ್ಲ, ಅಷ್ಟೆ. ತೆಗೆದುಕೊಂಡ ಹಿಡಿ ಮರಳಿಗೆ ಒಂದು ಸಂಕಲ್ಪವಿದೆ, ತಲುಪಬೇಕಾದ ಸ್ಥಳವಿದೆ. ತಲುಪಿಸಿದವನು ಬರಿಗೈಯಲ್ಲಿ ಮರಳದೆ ನೀರನ್ನು ಹೊತ್ತು ಮೊದಲಿನ ಸ್ಥಳಕ್ಕೇ ಹಿಂದಿರುಗಬೇಕು. ಒಯ್ಯುವುದು ದೋಷವಲ್ಲ, ಒಯ್ದದ್ದನ್ನು ಋಣವೆಂದು ತಿಳಿಯದಿರುವುದು ದೋಷ. ಅದೇ ಮರಳಿನ ಮೇಲೆ ನಿಂತು ತೆಗೆದ ಛಾಯಾಚಿತ್ರಕ್ಕೆ ಮಾತ್ರ ಯಾವ ಸಂಕಲ್ಪವೂ ಬೇಡವೇ? ಅದು ಯಾರಿಗೆ ತಲುಪಬೇಕು, ಅದರ ಬದಲಿಗೆ ನಾವು ಏನನ್ನು ಹೊತ್ತು ಹಿಂದಿರುಗಬೇಕು ಎಂದು ಕೇಳಿಕೊಂಡವನಿಗೆ ಕ್ಯಾಮರಾ ಹಿಡಿಯುವ ಅಧಿಕಾರವುಂಟು.

ಎರಡನೆಯ ವಾದವು ವೈರಾಗ್ಯದ್ದು. ಶ್ಮಶಾನವೈರಾಗ್ಯವೆಂಬ ಮಾತು ನಮ್ಮಲ್ಲಿ ಪ್ರಸಿದ್ಧವಾಗಿದೆ. ಚಿತೆಯ ಎದುರಿನಲ್ಲಿ ಹುಟ್ಟಿದ ವಿರಕ್ತಿಯು ಸ್ನಾನ ಮಾಡಿ ಮನೆಗೆ ಬರುವಷ್ಟರಲ್ಲಿ ಇಳಿದುಹೋಗುತ್ತದೆ. ಪಾಳೂರಿನ ಚಿತ್ರವನ್ನು ನೋಡಿ ನಿಟ್ಟುಸಿರು ಬಿಡುವವನ ವಿರಕ್ತಿಯು ಅದಕ್ಕಿಂತಲೂ ಅಲ್ಪಾಯುಷಿ. ಮುಂದಿನ ಚಿತ್ರವು ಬರುವವರೆಗೆ ಮಾತ್ರ ಅದರ ಬಾಳು. ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ವೈರಾಗ್ಯವೆಂಬುದು ತನ್ನ ಸಂಪತ್ತಿನ ವಿಷಯದಲ್ಲಿ, ತನ್ನ ಮನೆಯ ವಿಷಯದಲ್ಲಿ ಸಾಧಿಸಬೇಕಾದ ಗುಣ. ಪರರ ಮನೆ ಬಿದ್ದಾಗ ನಮ್ಮಿಂದ ಅಪೇಕ್ಷಿತವಾದದ್ದು ವೈರಾಗ್ಯವಲ್ಲ, ಕರುಣೆ. ಗುಡಿಸಲಿನ ಗರಿ ಹಾರಿಹೋದವನ ಎದುರಿಗೆ ನಿಂತು ‘ಎಲ್ಲವೂ ಅನಿತ್ಯ’ ಎನ್ನುವವನು ತತ್ತ್ವವನ್ನು ಹೇಳಿದಂತೆ ಕಂಡರೂ ತನ್ನ ಕರ್ತವ್ಯದಿಂದ ಜಾರಿಕೊಂಡನು.

ಅನಿತ್ಯವೆಂದರೆ ಮಿಥ್ಯೆಯೆಂದಲ್ಲ ಎಂಬ ವಿವೇಕವನ್ನು ನಮ್ಮ ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಒಂದು ದಿನ ಇಲ್ಲವಾಗುವ ವಸ್ತುವು ಇರುವಷ್ಟು ಕಾಲ ಇದ್ದೇ ಇದೆ. ಉಪ್ಪುಗಾಳಿಗೆ ಗೋಡೆ ಸವೆಯುತ್ತಿದೆ ಎಂಬುದು ಎಷ್ಟು ಸತ್ಯವೋ, ಆ ಗೋಡೆಯ ನೆರಳಿನಲ್ಲಿ ಕುಳಿತು ಕಪ್ಪೆಚಿಪ್ಪಿನ ಸರ ಮಾರುವ ಬಾಲಕನಿಗೆ ಹಸಿವಾಗಿದೆ ಎಂಬುದೂ ಅಷ್ಟೇ ಸತ್ಯ. ಊರನ್ನು ಕೇವಲ ಅನಿತ್ಯತೆಯ ದೃಷ್ಟಾಂತವಾಗಿ ನೋಡುವವನ ಕಣ್ಣಿಗೆ ದೃಷ್ಟಾಂತವೊಂದೇ ಕಾಣುತ್ತದೆ, ಊರು ಕಾಣುವುದಿಲ್ಲ.

ಹಾಗಾದರೆ ಹೋಗಲೇಬಾರದೇ? ಹಾಗೆಂದು ಯಾರೂ ತಿಳಿಯಬಾರದು. ರಸ್ತೆ ಬಂದ ಮೇಲೆ ಬರುವ ಪ್ರವಾಸಿಗಳಿಗೆ ಶಂಖ, ಚಿಪ್ಪು, ತಿಂಡಿಗಳನ್ನು ಮಾರಿ ನಾಲ್ಕು ಕಾಸು ಕಾಣುವ ಸಂಸಾರಗಳು ಅಲ್ಲಿವೆ. ನಮ್ಮ ಸಂಕೋಚದಿಂದ ಅವರ ಹೊಟ್ಟೆ ತುಂಬುವುದಿಲ್ಲ. ಅವರಿಗೆ ಬೇಕಾಗಿರುವುದು ಬರಬೇಡವೆಂಬ ನಿಷೇಧವಲ್ಲ. ಬಂದವರು ತಮ್ಮನ್ನು ಮನುಷ್ಯರೆಂದು ಕಂಡು ಮಾತನಾಡಿಸಲಿ ಎಂಬುದು ಮಾತ್ರ.

ಇನ್ನು ಮೂರನೆಯ ವಾದ, ದಾಖಲೆಯದು. ಇದನ್ನು ಬಹುಮಟ್ಟಿಗೆ ಒಪ್ಪಬೇಕು. ಆದರೆ ದಾಖಲೆಯೆನ್ನಿಸಿಕೊಳ್ಳಬೇಕಾದರೆ ಅದು ಯಥಾರ್ಥವಾಗಿರಬೇಕು. ಯಾರೊಬ್ಬರೂ ಉಳಿಯದ ಊರಿನಲ್ಲಿಯೂ ಈ ಹೊಣೆ ತಪ್ಪದು. ರಾಜಸ್ಥಾನದ ಜೈಸಲ್ಮೇರಿನಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿರುವ ಕುಲಧರಾ ಇದಕ್ಕೆ ಉದಾಹರಣೆ. ಪಾಲೀವಾಲ ಬ್ರಾಹ್ಮಣರು ನೆಲೆಸಿದ್ದ ಈ ಗ್ರಾಮವು ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಹೊತ್ತಿಗೆ ಬರಿದಾಯಿತು. ದಿವಾನ ಸಾಲಿಂ ಸಿಂಹನ ದುರಾಸೆಗೆ ಹೆದರಿ ಜನರೆಲ್ಲ ಒಂದೇ ರಾತ್ರಿಯಲ್ಲಿ ಊರು ಬಿಟ್ಟರು, ಮುಂದೆ ಇಲ್ಲಿ ಯಾರೂ ನೆಲೆಸದಿರಲಿ ಎಂದು ಶಪಿಸಿ ಹೋದರು ಎಂಬುದು ಐತಿಹ್ಯ. ನೀರು ಕ್ರಮೇಣ ಬತ್ತಿದ್ದು ಮೊದಲಾದ ಕಾರಣಗಳಿಂದ ಊರು ನಿಧಾನವಾಗಿ ತೆರವಾಯಿತು ಎಂಬುದು ಸಂಶೋಧಕರು ಮುಂದಿಡುವ ವಿವರಣೆ. ಶಾಪದ ಕಥೆಗೆ ಚಿತ್ರಗಳು ಚೆನ್ನಾಗಿ ಒಪ್ಪುತ್ತವೆ. ಬತ್ತಿದ ಬಾವಿಗೆ ಅಷ್ಟು ರೋಚಕತೆಯಿಲ್ಲ. ಆದರೆ ಮರುಭೂಮಿಯಲ್ಲಿ ಬೇಸಾಯ ಮಾಡಿ ತಲೆಮಾರುಗಳ ಕಾಲ ಬಾಳಿದ ಜನರಿಗೆ ಸಲ್ಲಬೇಕಾದ ಗೌರವವು ಬಾವಿಯ ಮಾತಿನಲ್ಲಿದೆ, ಶಾಪದ ಮಾತಿನಲ್ಲಿಲ್ಲ. ಕೇಳಲು ಜೀವಂತ ಯಜಮಾನನಿಲ್ಲದ ಊರಿನಲ್ಲಿ ಸತ್ಯವೇ ಯಜಮಾನ.

ಕುಲಧರಾ ಬರಿದಾಗಿ ಎರಡು ಶತಮಾನಗಳಾದವು. ಧನುಷ್ಕೋಟಿಯನ್ನು ಸಮುದ್ರವು ನುಂಗಿತು. ಶಾಪವೂ ಇಲ್ಲದೆ ಚಂಡಮಾರುತವೂ ಇಲ್ಲದೆ ನಮ್ಮ ಕಣ್ಣೆದುರಿಗೇ ಬರಿದಾಗುತ್ತಿರುವ ಊರುಗಳು ಬೇರೆ ಇವೆ. ಬದರೀಯಾತ್ರೆಗೆ ಹೋದವರು ಉತ್ತರಾಖಂಡದ ಬೆಟ್ಟದ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳ ಸಾಲನ್ನು ಕಂಡಿರಬಹುದು. ಈ ವಲಸೆಯ ಅಧ್ಯಯನಕ್ಕೆಂದೇ ಆ ರಾಜ್ಯದ ಸರ್ಕಾರವು 2017ರಲ್ಲಿ ಒಂದು ಆಯೋಗವನ್ನು ನೇಮಿಸಿತು. 2011ರ ನಂತರ 734 ಗ್ರಾಮಗಳು ಪೂರ್ಣವಾಗಿ ಜನಶೂನ್ಯವಾಗಿವೆಯೆಂದು ಅದು 2018ರಲ್ಲಿ ವರದಿ ಮಾಡಿತು. ಹೋದವರಲ್ಲಿ ಅರ್ಧದಷ್ಟು ಜನ ಜೀವನೋಪಾಯಕ್ಕಾಗಿ ಹೋದವರು; ಉಳಿದವರಲ್ಲಿ ಹಲವರು ಮಕ್ಕಳ ವಿದ್ಯೆಗಾಗಿ, ವೈದ್ಯಕೀಯ ಸೌಕರ್ಯಕ್ಕಾಗಿ ಹೋದವರು. ಈ ಕಾರಣಗಳನ್ನು ಓದುವಾಗ ನಮಗೆ ಯಾರದೋ ಕಥೆಯನ್ನು ಓದಿದಂತೆ ಅನ್ನಿಸುವುದೇ? ವಿದ್ಯೆಗಾಗಿ, ನೌಕರಿಗಾಗಿ, ವೃದ್ಧ ತಾಯಿತಂದೆಯರ ಚಿಕಿತ್ಸೆಗಾಗಿ ಊರು ಬಿಟ್ಟವರು ನಾವೂ ಅಲ್ಲವೇ?

ವಿಷಯದ ಮರ್ಮವಿರುವುದು ಇಲ್ಲಿಯೇ. ಪರರ ಪಾಳೂರಿಗೆ ನಾವು ಪ್ರೇಕ್ಷಕರು. ನಮ್ಮ ಪಾಳೂರಿಗೆ ನಾವೇ ಕಾರಣರು. ವರ್ಷಕ್ಕೊಮ್ಮೆ ಕುಲದೇವರ ಸೇವೆಗೋ ಹಿರಿಯರ ಶ್ರಾದ್ಧಕ್ಕೋ ಹೋದಾಗ ಮಕ್ಕಳು ಮೊಬೈಲ್ ಹಿಡಿದು ಅಜ್ಜನ ಮನೆಯ ಚಿತ್ರಗಳನ್ನು ತೆಗೆಯುತ್ತಾರೆ. ಜಂತಿ ಮುರಿದ ಪಡಸಾಲೆ, ಬಾಯಿ ಬಿರಿದ ಹಗೇವು, ಒಣಗಿದ ತುಳಸೀಕಟ್ಟೆ, ಹಗ್ಗವಿಲ್ಲದ ಬಾವಿಯ ಗಡಗಡೆ. ನಗರಕ್ಕೆ ಮರಳಿದ ಮೇಲೆ ಆ ಚಿತ್ರಗಳನ್ನು ನೋಡಿ ಎಲ್ಲರೂ ಮರುಗುತ್ತಾರೆ. ಆದರೆ ಆ ಓಣಿಯಲ್ಲಿ ಇಂದಿಗೂ ಇರುವವರ ಚಿತ್ರವು ಅವುಗಳಲ್ಲಿ ಇದೆಯೇ? ಊಟವಾಯಿತೇ ಎಂದು ಕೇಳುವ ಮಕ್ಕಳಿಲ್ಲದೆ ಒಂಟಿಯಾಗಿ ಬಾಗಿಲು ತೆರೆದುಕೊಂಡು ಕುಳಿತಿರುವ ವೃದ್ಧೆ, ಸಂಬಳವೆಂದು ಹೇಳಲು ನಾಚುವಷ್ಟು ಅಲ್ಪವನ್ನು ಪಡೆದು ಹನುಮಂತದೇವರ ಗುಡಿಗೆ ದಿನವೂ ನೀರು ಹೊತ್ತು ದೀಪ ಹಚ್ಚುವ ಅರ್ಚಕರು, ನಮ್ಮ ಹೊಲವನ್ನು ಉತ್ತು ನಮ್ಮ ಮನೆಯ ಬೀಗವನ್ನೂ ಕಾಯುವ ರೈತ, ಇವರೇ ಆ ಊರಿಗೆ ಉಳಿದ ಗೌಡರು. ಊರು ಸತ್ತಿತೆಂದು ನಾವು ಮರುಗುತ್ತಿರುವಾಗ ಅದನ್ನು ಬದುಕಿಸಿಕೊಂಡಿರುವವರು ಅವರು. ಅವರನ್ನು ಬಿಟ್ಟು ಗೋಡೆಯ ಚಿತ್ರವನ್ನು ಮಾತ್ರ ತಂದರೆ, ಇಗರ್ಜಿಯ ಎದುರಿಗೆ ಹೆಂಗಸು ದಾಟಿಹೋಗಲೆಂದು ಕಾದವನಿಗೂ ನಮಗೂ ಏನು ಅಂತರ?

ಊರು ಬಿಟ್ಟದ್ದು ಅಪರಾಧವೆಂದು ಇಲ್ಲಿ ಹೇಳುತ್ತಿಲ್ಲ. ಅನ್ನ ಹುಡುಕಿಕೊಂಡು ಹೋದವನನ್ನು ಯಾವ ಧರ್ಮವೂ ದಂಡಿಸದು. ಆದರೆ ಬಿಟ್ಟು ಹೋದವನ ಮರುಕಕ್ಕೂ ಉಳಿದವನ ಶ್ರಮಕ್ಕೂ ನಡುವೆ ಒಂದು ಲೆಕ್ಕ ಬಾಕಿಯಿದೆ. ಆ ಲೆಕ್ಕವು ಚಿತ್ರದಿಂದ ತೀರುವುದಿಲ್ಲ. ಬಹುಶಃ ಪೂರ್ತಿಯಾಗಿ ಯಾವುದರಿಂದಲೂ ತೀರುವುದಿಲ್ಲ. ತೀರದ ಋಣವನ್ನು ತೀರದ್ದೆಂದು ಒಪ್ಪಿಕೊಂಡು ಸಲ್ಲಿಸುತ್ತಲೇ ಇರುವುದು ಗೃಹಸ್ಥನಿಗೆ ಹೊಸ ಮಾತೇನೂ ಅಲ್ಲ.

ಆದುದರಿಂದ ಇಂತಹ ಊರುಗಳಿಗೆ ಹೋಗುವವರು ಪಾಲಿಸಬಹುದಾದ ಮೂರು ನಿಯಮಗಳನ್ನು ಸೂಚಿಸಬಹುದು. ಮೊದಲನೆಯದು ಅನುಮತಿ. ಊರನ್ನು ಪ್ರವೇಶಿಸಿದೊಡನೆ ಉಳಿದವರನ್ನು ಕಂಡು ಮಾತನಾಡಿಸಬೇಕು. ಭಾಷೆ ಬಾರದಿದ್ದರೆ ಕೈಮುಗಿದು ಸನ್ನೆ ಮಾಡಿದರೂ ಸಾಕು. ಬೇಡವೆಂದರೆ ಕ್ಯಾಮರಾ ಚೀಲದೊಳಗೇ ಇರಲಿ. ಎರಡನೆಯದು ಯಥಾರ್ಥತೆ. ಜನರಿದ್ದರೆ ಜನರಿದ್ದಾರೆಂದು, ಏಕೆ ಬರಿದಾಯಿತೆಂಬುದು ಗೊತ್ತಿದ್ದರೆ ಅದನ್ನೇ, ಚಿತ್ರದ ಜೊತೆಗೆ ಬರೆದಿಡಬೇಕು; ಯಾರ ಮನೆ, ಯಾವ ಬಾವಿ, ಗುಡಿಯ ಕಲ್ಲಿನಲ್ಲಿ ಏನು ಕೆತ್ತಿದೆ ಎಂಬುದನ್ನು ಗುರುತುಮಾಡಿದರೆ ಆ ಚಿತ್ರವು ಮುಂದಿನವರಿಗೆ ನಿಜವಾದ ದಾಖಲೆಯಾಗುತ್ತದೆ. ಮೂರನೆಯದು ಪ್ರತ್ಯರ್ಪಣ. ತೆಗೆದ ಚಿತ್ರದ ಒಂದು ಪ್ರತಿಯಾದರೂ ಆ ಊರಿಗೆ ಹಿಂದಿರುಗಬೇಕು, ಅದರೊಡನೆ ಆ ಊರಿಗೆ ಬೇಕಾದದ್ದೇನಾದರೂ ಹೋಗಬೇಕು. ಮರಳನ್ನು ಒಯ್ದವನು ಗಂಗೆಯನ್ನು ತರಬೇಕಲ್ಲವೇ?

ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವ ಬಂಧುಗಳು ಕಳೆದ ಸಲ ತೆಗೆದ ಚಿತ್ರಗಳಲ್ಲಿ ನಾಲ್ಕನ್ನು ಕಾಗದದ ಮೇಲೆ ಅಚ್ಚುಹಾಕಿಸಿಕೊಂಡು ಹೋಗಲಿ. ಓಣಿಯ ಅಜ್ಜಿಯ ಕೈಗೆ ಅವಳ ಚಿತ್ರವನ್ನು ಕೊಟ್ಟು, ಅವಳು ಅದನ್ನು ಬೆಳಕಿಗೆ ಹಿಡಿದು ನೋಡುವವರೆಗೆ ಪಕ್ಕದಲ್ಲಿ ಕುಳಿತಿರಲಿ. ಅರ್ಚಕರ ಸಂಭಾವನೆ, ಗುಡಿಯ ಎಣ್ಣೆಯ ಖರ್ಚು, ಅಜ್ಜಿಯ ಔಷಧದ ಚೀಟಿ, ಇವುಗಳನ್ನು ಕೇಳಿ ತಿಳಿದು, ಮನೆಗೆ ಮರಳಿದ ಮೇಲೆ ತಿಂಗಳು ತಿಂಗಳೂ ಮರೆಯದೆ ಕಳಿಸಲಿ. ಅಷ್ಟಾದ ಮೇಲೆ, ಅವರೇ ಒಪ್ಪಿ ಬಾಗಿಲಲ್ಲಿ ನಿಂತರೆ, ಸಂತೋಷವಾಗಿ ಇನ್ನೊಂದು ಚಿತ್ರವನ್ನು ತೆಗೆದುಕೊಳ್ಳಲಿ.